ಬಫರ್ ಬದಲಿಸುವ ಮುನ್ನ ಫೀಡ್‌ಬ್ಯಾಕ್ ತಂತಿ ಎಲ್ಲಿದೆ ನೋಡಿ

ಪ್ರಶ್ನೆ: ರಾತ್ರಿ ಮನೆಯವರ ನಿದ್ದೆ ಕೆಡದಂತೆ ಸಂಗೀತ ಕೇಳಲೆಂದು ವೆರೋಬೋರ್ಡಿನ ಮೇಲೆ ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಿಕೊಂಡಿದ್ದೇನೆ. ಎನ್‌ಇ5532 ಐಸಿ, ಅದರ ನಂತರ ಪ್ರತಿ ಚಾನೆಲ್ಲಿಗೆ ಬಿಡಿ139 ಮತ್ತು ಬಿಡಿ140 ಟ್ರಾನ್ಸಿಸ್ಟರ್ ಜೋಡಿಯ ಬಫರ್ (ಹೆಡ್‌ಫೋನಿಗೆ ಬೇಕಾದ ಕರೆಂಟು ಒದಗಿಸುವ ಕೊನೆಯ ಹಂತ), ಎಮಿಟರ್‌ಗಳಲ್ಲಿ 4.7 ಓಮ್, ಬೇಸ್‌ಗಳಿಗೆ 4.7 ಕಿಲೋಓಮ್, 12-0-12 ಟ್ರಾನ್ಸ್‌ಫಾರ್ಮರ್, 7812 ಮತ್ತು 7912 ರೆಗ್ಯುಲೇಟರ್ ಇವೆ. ಔಟ್‌ಪುಟ್ಟನ್ನು ತಿದ್ದುಪಡಿಗಾಗಿ ಇನ್‌ಪುಟ್ಟಿಗೆ ಮರಳಿಸುವ ಫೀಡ್‌ಬ್ಯಾಕ್ ರೆಸಿಸ್ಟರ್ ಐಸಿಯ 1ನೇ ಪಿನ್ನಿನಿಂದ 2ನೇ ಪಿನ್ನಿಗೆ ಹೋಗಿದೆ. 32 ಓಮ್ ಹೆಡ್‌ಫೋನಿನಲ್ಲಿ ಸಣ್ಣ ದನಿಗೆ ಇಟ್ಟಾಗ ತಂಬೂರಿ ಒರಟಾಗಿ ಕೇಳುತ್ತಿತ್ತು. ಬಯಾಸ್ ಕರೆಂಟ್ (ಸಿಗ್ನಲ್ ಇಲ್ಲದಾಗಲೂ ಟ್ರಾನ್ಸಿಸ್ಟರುಗಳಲ್ಲಿ ಹರಿಯುವ ಕರೆಂಟ್) ಹೆಚ್ಚಿಸಲು ಎರಡೂ 1ಎನ್4148 ಡಯೋಡ್ ತೆಗೆದು, ಅವುಗಳ ಜಾಗದಲ್ಲಿ ಒಂದೊಂದು ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕಿದೆ. ಒರಟುತನ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಈಗ ಸ್ವಲ್ಪ ಹೊತ್ತಿನಲ್ಲೇ ಟ್ರಾನ್ಸಿಸ್ಟರ್‌ಗಳು ಮುಟ್ಟಲಾಗದಷ್ಟು ಬಿಸಿಯಾಗುತ್ತವೆ, ಔಟ್‌ಪುಟ್‌ನಲ್ಲಿ 40 ಮಿಲಿವೋಲ್ಟ್ ಡಿಸಿ ಕಾಣುತ್ತದೆ. ಬೇಸಿಗೆಯ ದಿನಗಳಲ್ಲಿ ಗುಂಯ್ ಎಂಬ ಸದ್ದೂ ಇದೆ. ಇದನ್ನೆಲ್ಲ ಕಿತ್ತು ಬಿಯುಎಫ್634 ಬಫರ್ ಐಸಿ ಹಾಕಿದರೆ ಸರಿಹೋಗುವುದೇ?
— ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಐಸಿಗೆ ಹಣ ಹಾಕುವ ಮೊದಲು ನೀವೇ ಬರೆದಿರುವ ಒಂದು ವಾಕ್ಯವನ್ನು ಗಮನಿಸಿ. ನಿಮ್ಮ ಫೀಡ್‌ಬ್ಯಾಕ್ ಐಸಿಯ ಔಟ್‌ಪುಟ್ ಪಿನ್ನಿನಲ್ಲೇ ಮುಗಿದುಹೋಗಿದೆ. ಹೀಗಾದಾಗ ಐಸಿಯು ತನ್ನ ಪಿನ್ನಿನವರೆಗಿನ ಸಿಗ್ನಲ್ಲನ್ನು ಮಾತ್ರ ತಿದ್ದುತ್ತದೆ; ಅದರಾಚೆ ಬಫರಿನಲ್ಲಿ ಹುಟ್ಟುವ ವಿಕೃತಿ, ಡಿಸಿ ವ್ಯತ್ಯಾಸ, ಎಮಿಟರ್ ರೆಸಿಸ್ಟರಿನಿಂದ ಬರುವ ಔಟ್‌ಪುಟ್ ರೋಧ ಇವೆಲ್ಲವೂ ತಿದ್ದುಪಡಿಯಿಲ್ಲದೆ ನೇರವಾಗಿ ಕಿವಿಗೆ ತಲುಪುತ್ತವೆ. ಸಣ್ಣ ದನಿಯಲ್ಲೇ ಒರಟುತನ ಎದ್ದು ಕಾಣುವುದಕ್ಕೂ ಇದೇ ಕಾರಣ. ಒಂದು ಟ್ರಾನ್ಸಿಸ್ಟರ್ ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ಜಾಗದಲ್ಲಿ ಹುಟ್ಟುವ ವಿಕೃತಿಯು ಸಿಗ್ನಲ್ ಕುಗ್ಗಿದ ಪ್ರಮಾಣದಲ್ಲಿ ತಾನೂ ಕುಗ್ಗುವುದಿಲ್ಲವಾದ್ದರಿಂದ, ತಂಬೂರಿಯಂತಹ ನಿರಂತರವಾದ ಮೆಲುದನಿಯಲ್ಲಿ ಅದು ಮೊದಲು ಸಿಕ್ಕಿಬೀಳುತ್ತದೆ. ಬಿಯುಎಫ್634 ಹಾಕಿ ಫೀಡ್‌ಬ್ಯಾಕನ್ನು ಈಗಿರುವಲ್ಲೇ ಬಿಟ್ಟರೆ ಈ ದೋಷದ ಒಂದು ಪಾಲು ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಫೀಡ್‌ಬ್ಯಾಕ್ ರೆಸಿಸ್ಟರಿನ ತುದಿಯನ್ನು 1ನೇ ಪಿನ್ನಿನಿಂದ ಬಿಡಿಸಿ, ಎರಡು 4.7 ಓಮ್ ರೆಸಿಸ್ಟರುಗಳು ಸೇರುವ ಬಿಂದುವಿಗೆ ಬೆಸುಗೆ ಹಾಕಿ. ಇನ್ನೊಂದು ಚಾನೆಲ್ಲಿನಲ್ಲಿ 7ನೇ ಪಿನ್ನಿಗೂ ಇದೇ ಮಾತು. ಜೊತೆಗೆ 1 ಮತ್ತು 2ನೇ ಪಿನ್ನುಗಳ ನಡುವೆ, ಹಾಗೆಯೇ 7 ಮತ್ತು 6ರ ನಡುವೆ, ಐಸಿಯ ಕಾಲಿಗೆ ಅಂಟಿಕೊಂಡಂತೆ 47 ಪಿಕೋಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್ ಇರಲಿ. ಶ್ರವ್ಯ ಆವರ್ತನಗಳಲ್ಲಿ ಬಫರ್ ಫೀಡ್‌ಬ್ಯಾಕಿನ ಒಳಗೇ ಇರುತ್ತದೆ. ಅತಿ ಎತ್ತರದ ಆವರ್ತನಗಳಲ್ಲಿ ಮಾತ್ರ ಐಸಿ ಬಫರನ್ನು ಬಿಟ್ಟು ತನ್ನ ಔಟ್‌ಪುಟ್ಟನ್ನೇ ನೋಡಿಕೊಳ್ಳುವುದರಿಂದ ಆಸಿಲೇಷನ್ನಿನ (ಸರ್ಕ್ಯೂಟ್ ತಾನಾಗಿಯೇ ಕಂಪಿಸತೊಡಗುವುದರ) ಭಯ ಕಡಿಮೆಯಾಗುತ್ತದೆ. ನಿಮ್ಮ 40 ಮಿಲಿವೋಲ್ಟ್ ಡಿಸಿಯ ಬಹುಭಾಗ ಎರಡು ಪ್ರಿಸೆಟ್‌ಗಳು ಒಂದೇ ಮೌಲ್ಯದಲ್ಲಿ ನಿಲ್ಲದಿರುವುದರಿಂದ ಬಂದಿರಬೇಕು. ಹಾಗಿದ್ದರೆ ತಂತಿ ಬದಲಾದ ಕೂಡಲೇ ಅದು ಇಳಿಯುತ್ತದೆ.

ಇನ್ನು ಬಿಸಿಯ ವಿಚಾರ. ಡಯೋಡ್ ತೆಗೆದು ಪ್ರಿಸೆಟ್ ಹಾಕಿದ್ದು ಅಪಾಯದ ಬದಲಾವಣೆ. ಟ್ರಾನ್ಸಿಸ್ಟರ್ ಬಿಸಿಯಾದಂತೆ ಅದರ ಬೇಸ್–ಎಮಿಟರ್ ವೋಲ್ಟೇಜು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಡಯೋಡ್ ಟ್ರಾನ್ಸಿಸ್ಟರಿಗೆ ತಾಗಿಕೊಂಡಿದ್ದರೆ ಅದರ ವೋಲ್ಟೇಜೂ ಜೊತೆಯಲ್ಲೇ ಇಳಿದು ಕರೆಂಟು ಸ್ಥಿರವಾಗಿರುತ್ತದೆ. ಪ್ರಿಸೆಟ್ಟಿಗೆ ಆ ಗುಣವಿಲ್ಲ. ಹೀಟ್‌ಸಿಂಕ್ ಇಲ್ಲದ ಬಿಡಿ139ರಲ್ಲಿ ಪ್ರತಿ ವ್ಯಾಟಿಗೆ ಸುಮಾರು 100 ಡಿಗ್ರಿ ಏರುತ್ತದೆ. 20 ಮಿಲಿಆಂಪಿಯರ್ ಬಯಾಸ್, 12 ವೋಲ್ಟ್ ಎಂದರೆ 0.24 ವ್ಯಾಟ್, ಅಂದರೆ 24 ಡಿಗ್ರಿ ಏರಿಕೆ. ಅಷ್ಟಕ್ಕೆ ವೋಲ್ಟೇಜು 48 ಮಿಲಿವೋಲ್ಟ್ ಇಳಿದು, 4.7 ಓಮ್ ರೆಸಿಸ್ಟರಿನ ಮೂಲಕ ಇನ್ನೂ 10 ಮಿಲಿಆಂಪಿಯರ್ ಸೇರಿಕೊಳ್ಳುತ್ತದೆ. ಆ ಹೆಚ್ಚುವರಿ ಕರೆಂಟು ಮತ್ತೆ ಬಿಸಿಯನ್ನು ಏರಿಸುತ್ತದೆ. ಮುಚ್ಚಿದ ಡಬ್ಬಿ, ಏಪ್ರಿಲ್ ತಿಂಗಳ ಸೆಕೆ ಎರಡೂ ಸೇರಿದರೆ ಕೈಸುಡುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕಿಂತ ಕೆಟ್ಟ ಸಾಧ್ಯತೆಯೊಂದಿದೆ. ಜೂನ್ ಬಂದಮೇಲೆ ಮಲೆನಾಡಿನ ಮನೆಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ. ತೆರೆದ ಕಾರ್ಬನ್ ಪ್ರಿಸೆಟ್ಟಿನ ಜಾರುಕಾಲು ತೇವಕ್ಕೆ ಸಂಪರ್ಕ ಕಳೆದುಕೊಳ್ಳುವುದು ಅಲ್ಲಿ ಮಾಮೂಲು. ನಿಮ್ಮ ಜೋಡಣೆಯಲ್ಲಿ ಹಾಗೆ ಸಂಪರ್ಕ ತಪ್ಪಿದರೆ 4.7 ಕಿಲೋಓಮ್ ಕೊಡುವ 2.4 ಮಿಲಿಆಂಪಿಯರ್ ಪೂರ್ತಿಯಾಗಿ ಬೇಸ್‌ಗೇ ನುಗ್ಗುತ್ತದೆ, ಟ್ರಾನ್ಸಿಸ್ಟರ್ ಅದನ್ನು ನೂರರಷ್ಟು ಹಿಗ್ಗಿಸುತ್ತದೆ, ಹೊಗೆ ಬರುತ್ತದೆ.

ಸರಿಯಾದ ದಾರಿಯೆಂದರೆ ಎರಡೂ ಪ್ರಿಸೆಟ್ ತೆಗೆದು, ಪ್ರತಿ ಚಾನೆಲ್ಲಿಗೆ ಇನ್ನೊಂದು ಬಿಡಿ139 ಬಳಸಿ ವಿಬಿಇ ಮಲ್ಟಿಪ್ಲೈಯರ್ (ತನ್ನ ಬೇಸ್–ಎಮಿಟರ್ ವೋಲ್ಟೇಜನ್ನು ಹಿಗ್ಗಿಸಿ ಬಯಾಸ್ ಒದಗಿಸುವ ಜೋಡಣೆ) ಕಟ್ಟುವುದು. ಅದರ ಕಲೆಕ್ಟರ್ ಮೇಲಿನ ಟ್ರಾನ್ಸಿಸ್ಟರಿನ ಬೇಸ್‌ಗೆ, ಎಮಿಟರ್ ಕೆಳಗಿನದರ ಬೇಸ್‌ಗೆ ಸೇರಲಿ. ಕಲೆಕ್ಟರ್ ಮತ್ತು ಬೇಸ್ ನಡುವೆ 1 ಕಿಲೋಓಮ್, ಬೇಸ್ ಮತ್ತು ಎಮಿಟರ್ ನಡುವೆ 560 ಓಮ್ ಜೊತೆ ಸರಣಿಯಲ್ಲಿ 1 ಕಿಲೋಓಮ್‌ನ ಮುಚ್ಚಿದ ಮಲ್ಟಿಟರ್ನ್ ಪ್ರಿಸೆಟ್ ಇರಲಿ. ಪ್ರಿಸೆಟ್ ಈ ಬದಿಯಲ್ಲೇ ಇರಬೇಕೆಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಸಂಪರ್ಕ ತಪ್ಪಿದರೆ ಬಯಾಸ್ ಏರುವ ಬದಲು ಇಳಿಯುತ್ತದೆ. ದನಿ ಒರಟಾದೀತೇ ಹೊರತು ಏನೂ ಸುಡುವುದಿಲ್ಲ. ಐಸಿಯ ಔಟ್‌ಪುಟ್ಟನ್ನು ಮಲ್ಟಿಪ್ಲೈಯರಿನ ಎಮಿಟರ್ ತುದಿಗೆ ಕೊಡಿ, ಎರಡು ತುದಿಗಳ ನಡುವೆ 10 ಮೈಕ್ರೋಫ್ಯಾರಡ್ ಹಾಕಿ. ಫೀಡ್‌ಬ್ಯಾಕ್ ತಂತಿಯನ್ನು ಸ್ಥಳಾಂತರಿಸದೆ ಈ ಕೆಲಸಕ್ಕೆ ಕೈಹಾಕಬೇಡಿ. ಹಾಗೆ ಮಾಡಿದರೆ ಔಟ್‌ಪುಟ್‌ನಲ್ಲಿ ಅರ್ಧ ವೋಲ್ಟಿಗೂ ಮೀರಿದ ಡಿಸಿ ನಿಲ್ಲುತ್ತದೆ. ಮೂರೂ ಟ್ರಾನ್ಸಿಸ್ಟರುಗಳನ್ನು ಒಂದೇ ಅಲ್ಯೂಮಿನಿಯಂ ಪಟ್ಟಿಗೆ ಅಕ್ಕಪಕ್ಕ ಬಿಗಿಯಿರಿ. ಬಿಡಿ139ರ ಬೆನ್ನಿನ ಲೋಹ ಕಲೆಕ್ಟರಿಗೆ ಸೇರಿರುವುದರಿಂದ ಪ್ರತಿಯೊಂದರ ಕೆಳಗೂ ಮೈಕಾ ಮತ್ತು ಹೀಟ್‌ಸಿಂಕ್ ಪೇಸ್ಟ್ ಬೇಕು.

ಬೇಸಿನ 4.7 ಕಿಲೋಓಮ್‌ಗಳನ್ನು 2.2 ಕಿಲೋಓಮ್‌ಗೆ ಇಳಿಸಿ. 32 ಓಮ್‌ನಲ್ಲಿ 100 ಮಿಲಿವ್ಯಾಟ್ ಬೇಕಾದಾಗ ಗರಿಷ್ಠ ಕರೆಂಟು ಸುಮಾರು 79 ಮಿಲಿಆಂಪಿಯರ್ ಮುಟ್ಟುತ್ತದೆ. ಟ್ರಾನ್ಸಿಸ್ಟರಿನ ಗೇನ್ ಕೇವಲ 40 ಇದ್ದರೆ ಬೇಸ್‌ಗೆ 2 ಮಿಲಿಆಂಪಿಯರ್ ಬೇಕು, ಆ ಕ್ಷಣಕ್ಕೆ 4.7 ಕಿಲೋಓಮ್ ಅಷ್ಟನ್ನು ಕೊಡಲಾರದು.

ಬಯಾಸ್ ಎಷ್ಟಿರಬೇಕು? 20 ಮಿಲಿಆಂಪಿಯರ್ ಸಾಕು, ಅದಕ್ಕಿಂತ ಮೇಲೆ ಹೋಗುವುದು ಶೋಕಿ. ಪುಷ್–ಪುಲ್ ಬಫರ್ ತನ್ನ ಬಯಾಸಿನ ಎರಡರಷ್ಟು ಗರಿಷ್ಠ ಕರೆಂಟಿನವರೆಗೆ ಕ್ಲಾಸ್ ಎ (ಎರಡೂ ಟ್ರಾನ್ಸಿಸ್ಟರುಗಳು ಕೆಲಸ ಬಿಡದೆ ಒಟ್ಟಿಗೆ ದುಡಿಯುವ ಸ್ಥಿತಿ) ಆಗಿಯೇ ಉಳಿಯುತ್ತದೆ. 40 ಮಿಲಿಆಂಪಿಯರ್ ಗರಿಷ್ಠವೆಂದರೆ 32 ಓಮ್‌ನಲ್ಲಿ 25 ಮಿಲಿವ್ಯಾಟ್. ಒಂದು ಮಿಲಿವ್ಯಾಟಿಗೆ 100 ಡೆಸಿಬೆಲ್ ಕೊಡುವ ಹೆಡ್‌ಫೋನಿನಲ್ಲಿ ಅದು 114 ಡೆಸಿಬೆಲ್. ಕಿವಿಗೆ ಹಾನಿಯಾಗುವಷ್ಟು ಜೋರು. ಅಲ್ಲಿಂದಾಚೆಗೆ ಕ್ಲಾಸ್ ಎ ಇದ್ದರೂ ಕೇಳುವವರಿಲ್ಲ.

ಹೊಂದಿಸುವಾಗ ಹೆಡ್‌ಫೋನ್ ಕಳಚಿಡಿ. ಪ್ರಿಸೆಟ್ಟನ್ನು ಗರಿಷ್ಠ ರೋಧಕ್ಕೆ ತಿರುಗಿಸಿ ವಿದ್ಯುತ್ ಕೊಡಿ, ಮಲ್ಟಿಮೀಟರನ್ನು ಮಿಲಿವೋಲ್ಟ್ ಡಿಸಿಯಲ್ಲಿಟ್ಟು ಒಂದು 4.7 ಓಮ್ ರೆಸಿಸ್ಟರಿನ ಎರಡು ತುದಿಗೆ ಹಿಡಿದು, 94 ಮಿಲಿವೋಲ್ಟ್ ಬರುವವರೆಗೆ ನಿಧಾನವಾಗಿ ತಿರುಗಿಸಿ. ಡಬ್ಬಿ ಮುಚ್ಚಿ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಅಂಕಿ ಸ್ವಲ್ಪ ಇಳಿದಿದ್ದರೆ ತೊಂದರೆಯಿಲ್ಲ. ಏರುತ್ತಲೇ ಇದ್ದರೆ ಮಲ್ಟಿಪ್ಲೈಯರ್ ಪಟ್ಟಿಗೆ ಸರಿಯಾಗಿ ತಾಗಿಲ್ಲ. ಔಟ್‌ಪುಟ್ ಡಿಸಿ 20 ಮಿಲಿವೋಲ್ಟಿನ ಒಳಗಿದ್ದರೆ ಮಾತ್ರ ಹೆಡ್‌ಫೋನ್ ಚುಚ್ಚಿ. ಸಂಗೀತವಿಲ್ಲದೆಯೂ ಟ್ರಾನ್ಸಿಸ್ಟರ್ ವಿಪರೀತ ಬಿಸಿಯಾಗಿ, ತಂತಿಯ ಬಳಿ ಬೆರಳು ತಂದರೆ ಮೀಟರಿನ ಅಂಕಿ ಓಡಾಡಿದರೆ ಅದು ಆಸಿಲೇಷನ್. ಐಸಿಯ 4 ಮತ್ತು 8ನೇ ಪಿನ್ನುಗಳಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಇದೆಯೇ ನೋಡಿ, ಔಟ್‌ಪುಟ್ಟಿನಿಂದ ಗ್ರೌಂಡಿಗೆ 10 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸರಣಿಯಾಗಿ ಸೇರಿಸಿ.

ಬೇಸಿಗೆಯ ಗುಂಯ್ ಸದ್ದಿಗೂ ಬಫರಿಗೂ ಸಂಬಂಧವಿಲ್ಲ. 7812ಕ್ಕೆ ಸುಮಾರು 14 ವೋಲ್ಟಿಗಿಂತ ಹೆಚ್ಚು ಒಳಬರಬೇಕು. 12-0-12 ಟ್ರಾನ್ಸ್‌ಫಾರ್ಮರ್ 230 ವೋಲ್ಟಿನಲ್ಲಿ 16 ವೋಲ್ಟಿನಷ್ಟು ಕೊಡುತ್ತದೆ, ಆದರೆ ತೋಟಗಳ ಪಂಪ್‌ಸೆಟ್‌ಗಳು ಒಟ್ಟಿಗೆ ಓಡಿ ಲೈನು 200 ವೋಲ್ಟಿಗೆ ಇಳಿದರೆ ರೆಗ್ಯುಲೇಟರ್ ಕೈಬಿಡುತ್ತದೆ. ಟ್ರಾನ್ಸ್‌ಫಾರ್ಮರನ್ನು 15-0-15ಕ್ಕೆ ಬದಲಿಸಿದರೆ 170 ವೋಲ್ಟಿನವರೆಗೂ ನಡೆಯುತ್ತದೆ. ಹುಬ್ಬಳ್ಳಿಗೆ ಹೋದವರ ಬಳಿ ತರಿಸಿಕೊಳ್ಳುವುದಾದರೆ ಐಸಿಯ ಬದಲು ಇದನ್ನು ತರಿಸಿ.

ಪ್ರಶ್ನೆ: 9 ವೋಲ್ಟ್ ಬ್ಯಾಟರಿಯ ಆಂಪ್ಲಿಫೈಯರಿನಲ್ಲಿ ಟಿಎಲ್‌ಇ2426 ಐಸಿ ಬಳಸಿ ಬ್ಯಾಟರಿಯ ಅರ್ಧ ವೋಲ್ಟೇಜಿನಲ್ಲಿ ನಡುವಿನ ಗ್ರೌಂಡ್ ಮಾಡಿಕೊಂಡಿದ್ದೇನೆ. ಎಡಬಲ ಚಾನೆಲ್‌ಗಳಿಗೆ ಬಿಯುಎಫ್634 ಸೇರಿಸಿದರೂ ಮೃದಂಗದ ಎಡಭಾಗದ ತೂಕ ಬರಲಿಲ್ಲ, ಜೋರು ಮಾಡಿದರೆ ಒಡೆದು ಕೇಳುತ್ತದೆ.
— ಓದುಗರೊಬ್ಬರು, ಕಾರವಾರ

ಉತ್ತರ: ಎರಡೂ ಚಾನೆಲ್ಲಿನ ಕರೆಂಟು ಮರಳುವುದು ಆ ಗ್ರೌಂಡಿನ ಮೂಲಕವೇ. ಬಫರ್ ತಲಾ 250 ಮಿಲಿಆಂಪಿಯರ್ ಕೊಡಬಲ್ಲದು, ಟಿಎಲ್‌ಇ2426 ತಾಳುವುದು ಸುಮಾರು 20 ಮಾತ್ರ. ತಗ್ಗು ಸ್ವರಗಳು ಸಾಮಾನ್ಯವಾಗಿ ಎರಡೂ ಚಾನೆಲ್ಲಿನಲ್ಲಿ ಒಂದೇ ರೀತಿ ಇರುವುದರಿಂದ ಅವುಗಳ ಕರೆಂಟು ಅಲ್ಲಿ ಕೂಡಿಕೊಳ್ಳುತ್ತದೆ, ಪೆಟ್ಟು ಮೊದಲು ಬೀಳುವುದೂ ಅವಕ್ಕೇ. ಟಿಎಲ್‌ಇ2426ರ ಔಟ್‌ಪುಟ್ಟಿಗೆ ಮೂರನೆಯ ಬಿಯುಎಫ್634 ಸೇರಿಸಿ, ಹೆಡ್‌ಫೋನಿನ ಗ್ರೌಂಡನ್ನು ಅದರಿಂದ ಕೊಡಿ. ಬ್ಯಾಂಡ್‌ವಿಡ್ತ್ ಪಿನ್ನನ್ನು ಮೂರರಲ್ಲೂ ಖಾಲಿ ಬಿಡಿ. ಹಾಗಿದ್ದರೆ ಪ್ರತಿಯೊಂದು ಎಳೆಯುವುದು 1.5 ಮಿಲಿಆಂಪಿಯರ್, ಋಣ ಸಪ್ಲೈಗೆ ಕಟ್ಟಿದರೆ 15, ಮೂರಕ್ಕೆ 45 ಆಗಿ ಸಣ್ಣ ಬ್ಯಾಟರಿ ಬೇಗ ಬರಿದಾಗುತ್ತದೆ. ಸಮುದ್ರದ ಗಾಳಿಗೆ ಬ್ಯಾಟರಿ ಕ್ಲಿಪ್ಪಿನ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ ಅದನ್ನು ಕೆರೆಯಲು ಹೋಗದೆ ಕ್ಲಿಪ್ಪನ್ನೇ ಬದಲಿಸಿ; ಜೋರಿಗೆ ಒಡೆಯುವುದರಲ್ಲಿ ಅದರ ಪಾಲೂ ಇರಬಹುದು.