ಕೆನಲ್‌ನಲ್ಲಿ ಬಿಡುವಾಗ, ಕಾರಿನಲ್ಲಿ ಕರೆದೊಯ್ಯುವಾಗ ನಾಯಿಗೆ ಒಂದೇ ಬಟ್ಟಲು ಸಾಕೇ?

ಪ್ರಶ್ನೆ: ಪುಣೆಯ ಹಿಂಜವಡಿಯಲ್ಲಿದ್ದೇವೆ. ಗಣೇಶ ಹಬ್ಬಕ್ಕೆ ನಮ್ಮ ಲ್ಯಾಬ್ರಡಾರ್ ನಾಯಿಯನ್ನು (ತೂಕ 30 ಕಿಲೋ) ಕಾರಿನಲ್ಲಿ ಧಾರವಾಡಕ್ಕೆ ಕರೆದೊಯ್ಯಬೇಕು. ಹಿಂದಿರುಗಿದ ಮೇಲೆ ಒಂದು ವಾರ ಪುಣೆಯಲ್ಲೇ ಕೆನಲ್‌ನಲ್ಲಿ (ನಾಯಿಗಳನ್ನು ಇರಿಸಿಕೊಂಡು ನೋಡಿಕೊಳ್ಳುವ ಜಾಗ) ಬಿಡಬೇಕಾಗಿದೆ. ಊಟಕ್ಕೂ ನೀರಿಗೂ ಎಂಥ ಬಟ್ಟಲು ಕೊಳ್ಳಲಿ?

ಉತ್ತರ: ಎರಡು ಕಡೆಗೂ ಒಂದೇ ಬಟ್ಟಲು ಒದಗುವುದಿಲ್ಲ. ವಾಘೋಲಿ ಕಡೆಯ ಒಂದು ಕೆನಲ್‌ನಲ್ಲಿ ನಾಯಿಗಳ ಊಟ, ನೀರು ನೋಡಿಕೊಳ್ಳುವುದೇ ನನ್ನ ಕೆಲಸ. ಬಟ್ಟಲು ಕೊಳ್ಳಲು ಹೋಗುವವರೆಲ್ಲ ಊಟದ ತಟ್ಟೆಯನ್ನೇ ಆರಿಸುತ್ತಾ ನಿಲ್ಲುತ್ತಾರೆ. ನೀವು ನೀರಿನ ಬಟ್ಟಲಿನ ಬಗ್ಗೆ ಯೋಚಿಸಿ. ಆರೋಗ್ಯವಾಗಿರುವ ದೊಡ್ಡ ನಾಯಿ ಒಂದು ಹೊತ್ತು ಊಟ ಬಿಟ್ಟರೆ ತಡೆದುಕೊಳ್ಳುತ್ತದೆ. ಬಟ್ಟಲು ಮಗುಚಿ ನೀರೆಲ್ಲ ಚೆಲ್ಲಿಹೋಗಿ, ಸಂಜೆಯವರೆಗೆ ಯಾರೂ ಗಮನಿಸದಿದ್ದರೆ ಅದು ನಿಜವಾದ ಕಷ್ಟ.

ನಾಯಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಬೇಕು. ನಿಮ್ಮದಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಿಲ್ಲ. ಒಣ ಆಹಾರ ತಿನ್ನುವ ನಾಯಿಯಾದರೆ, ಸೆಕೆಯೂ ಇದ್ದರೆ ಇನ್ನೂ ಹೆಚ್ಚು. ಹಾಗಾಗಿ ಕೆನಲ್‌ಗೆ ಎರಡು ಲೀಟರಿನ ಸ್ಟೀಲ್ ಬಟ್ಟಲು, ಬಾಗಿಲಿನ ಸರಳುಗಳಿಗೆ ನಟ್ಟು ಬೋಲ್ಟಿನಿಂದ ಬಿಗಿಯುವ ಬಳೆಯಲ್ಲಿ ಕೂರುವಂಥದ್ದು, ತೆಗೆದುಕೊಳ್ಳಿ. ಲ್ಯಾಬ್ರಡಾರ್‌ಗಳಿಗೆ ನೀರಿನಲ್ಲಿ ಕಾಲಾಡಿಸುವುದೆಂದರೆ ಬಲು ಇಷ್ಟ. ನೆಲದ ಮೇಲಿಟ್ಟ ಬಟ್ಟಲು ಅವುಗಳ ಮುಂದೆ ಬಹಳ ಹೊತ್ತು ನೆಟ್ಟಗಿರುವುದಿಲ್ಲ. ಬಾಗಿಲು ತೆರೆಯದೆ ಹೊರಗಿನಿಂದಲೇ ನೀರು ತುಂಬಿಸುವಂತಿರಬೇಕು. ವಿಮಾನದಲ್ಲಿ ನಾಯಿ ಸಾಗಿಸುವ ಪೆಟ್ಟಿಗೆಗೆ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎ ಮಾಡಿರುವ ನಿಯಮವೂ ಇದನ್ನೇ ಕೇಳುತ್ತದೆ. ಬಾಗಿಲು ತೆರೆದಾಗಲೇ ನಾಯಿ ನುಸುಳಿ ಓಡುವುದು.

ಪ್ಲಾಸ್ಟಿಕ್ ಬೇಡವೇ ಬೇಡ. ಹಲ್ಲು ತಾಗಿ ಗೀರು ಬೀಳುತ್ತದೆ, ಗೀರಿನಲ್ಲಿ ಕೂತ ಜಿಡ್ಡು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬೇಸರಕ್ಕೆ ಕಚ್ಚಿ ತುಂಡು ನುಂಗುವ ನಾಯಿಗಳೂ ಇವೆ. ಪಿಂಗಾಣಿ ಭಾರವಾಗಿ ಚೆನ್ನಾಗಿ ಕೂರುತ್ತದೆ, ಆದರೆ ಸಿಮೆಂಟ್ ನೆಲದ ಮೇಲೆ ಒಡೆದರೆ ಚೂರು ಪಾದಕ್ಕೆ ಚುಚ್ಚುತ್ತದೆ. ನಾಲಿಗೆ ತಾಗಿದರೆ ನೀರು ಬರುವ ನಳಿಕೆಗಳನ್ನು ಕೆಲವರು ಹೊಗಳುತ್ತಾರೆ. ವಾರಕ್ಕೆಂದು ಬಂದ ನಾಯಿ ಅದನ್ನು ಕಲಿಯುವಷ್ಟರಲ್ಲಿ ವಾಪಸು ಹೊರಡುವ ದಿನ ಬಂದಿರುತ್ತದೆ, ಎಷ್ಟು ಕುಡಿಯಿತೆಂದು ನಮಗೂ ತಿಳಿಯುವುದಿಲ್ಲ.

ಬಟ್ಟಲನ್ನು ಬಹಳ ಎತ್ತರಕ್ಕೆ ಬಿಗಿಸಬೇಡಿ. ದೊಡ್ಡ ತಳಿಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಮಾರಕ ತೊಂದರೆಗೂ ಎತ್ತರಿಸಿದ ಊಟದ ಬಟ್ಟಲಿಗೂ ನಂಟಿರುವುದನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ಪ್ರಕಟಿಸಿದ್ದರು. ಗಬಗಬನೆ ತಿನ್ನುವುದೂ ಅದಕ್ಕೆ ದಾರಿ. ನಿಮ್ಮ ನಾಯಿಗೆ ಆ ಚಾಳಿ ಇದ್ದರೆ ಒಳಗೆ ಉಬ್ಬುತಗ್ಗುಗಳಿರುವ ತಟ್ಟೆ ಕೊಡಿ.

ಗಣಪತಿ ಹಬ್ಬದ ಹೊತ್ತಿಗೆ ಇಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ತಿಂದು ಬಿಟ್ಟ ಅನ್ನಕ್ಕೆ ರಾತ್ರಿ ಇಲಿ ಬರುತ್ತದೆ, ಇಲಿಯ ಮೂತ್ರ ಸೇರಿದ ನೀರಿನಿಂದ ಲೆಪ್ಟೊಸ್ಪೈರೋಸಿಸ್ (ಲೆಪ್ಟೊ) ಎಂಬ ಸೋಂಕು ರೋಗ ಬರುತ್ತದೆ, ಅದು ನಾಯಿಯ ಮೂತ್ರಪಿಂಡ ಮತ್ತು ಯಕೃತ್ತನ್ನು ಕೆಡಿಸುತ್ತದೆ. ಮನುಷ್ಯರಿಗೂ ಹರಡುತ್ತದೆ. ಕೆನಲ್‌ಗೆ ಹೋಗಿ ಕಣ್ಣಾರೆ ನೋಡಿ: ಅರ್ಧ ಗಂಟೆಯೊಳಗೆ ಉಳಿದ ಊಟ ಎತ್ತುತ್ತಾರೆಯೇ, ನೀರಿನ ಬಟ್ಟಲನ್ನು ದಿನವೂ ಸೋಪು ಹಾಕಿ ಉಜ್ಜುತ್ತಾರೆಯೇ ಅಥವಾ ಹಳೆಯ ನೀರಿನ ಮೇಲೇ ಹೊಸದನ್ನು ಸುರಿಯುತ್ತಾರೆಯೇ? ಬೆರಳಾಡಿಸಿದಾಗ ತಳ ಲೋಳೆಯಂತೆ ಜಾರಿದರೆ ಬೇರೆ ಕಡೆ ವಿಚಾರಿಸಿ. ಲೆಪ್ಟೊ ಲಸಿಕೆಯ ಅವಧಿ ಮುಗಿದಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಕಾರಿನ ವಿಷಯ ಸುಲಭ. ಮಡಚುವ ಸಿಲಿಕೋನ್ ಬಟ್ಟಲು ಸಾಕು. ಊಟವನ್ನು ಹೊರಡುವ ಮೂರು ನಾಲ್ಕು ಗಂಟೆ ಮೊದಲೇ, ಅದೂ ಕಡಿಮೆ ಹಾಕಿ. ಇಲ್ಲದಿದ್ದರೆ ಖಂಬಾಟ್ಕಿ ಘಾಟಿನ ತಿರುವುಗಳಲ್ಲಿ ಎಲ್ಲವೂ ಸೀಟಿನ ಮೇಲೆ ಬರುತ್ತದೆ. ಸಾತಾರಾ, ಕರಾಡ್, ಕೊಲ್ಹಾಪುರ, ಬೆಳಗಾವಿ ಹೀಗೆ ನಿಲ್ಲಿಸುತ್ತಾ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ನೀರು ಕುಡಿಸಿ. ಮನೆಯ ನೀರನ್ನೇ ತುಂಬಿಕೊಂಡು ಹೊರಡಿ, ಹೊಸ ಊರಿನ ನೀರಿಗೆ ಕೆಲವು ನಾಯಿಗಳ ಹೊಟ್ಟೆ ಕೆಡುತ್ತದೆ. ಕಾರಿನ ಹಿಂಭಾಗದಲ್ಲಿ ಕ್ರೇಟ್‌ನಲ್ಲಿ (ನಾಯಿ ಸಾಗಿಸುವ ಪೆಟ್ಟಿಗೆ) ಕೂರಿಸುವುದಾದರೆ ಅದರ ಬಾಗಿಲಿಗೆ ಸಣ್ಣ ಬಟ್ಟಲು ಸಿಕ್ಕಿಸಿ, ಹಿಂದಿನ ರಾತ್ರಿಯೇ ಅದರಲ್ಲಿ ನೀರು ಹೆಪ್ಪುಗಟ್ಟಿಸಿಡಿ. ಮಂಜುಗಡ್ಡೆ ಚೆಲ್ಲುವುದಿಲ್ಲ, ನಿಧಾನವಾಗಿ ಕರಗುತ್ತಾ ಹೋಗುತ್ತದೆ.

ಸ್ಟೀಲ್ ಬಟ್ಟಲನ್ನು ಪುಣೆಯ ತುಳಶೀಬಾಗ್‌ನ ಪಾತ್ರೆ ಅಂಗಡಿಗಳಲ್ಲಿ ನೋಡಿ. ಅಂಚು ಒಳಗೆ ಮಡಚಿರಬೇಕು, ಬೆರಳಿಗೆ ಹರಿತ ತಾಗಬಾರದು. ಬಟ್ಟಲನ್ನು ಜೊತೆಗೊಯ್ದರೆ ಅದರ ಅಳತೆಗೆ ಹೊಂದುವ ಬಳೆ, ಬೋಲ್ಟುಗಳನ್ನು ರವಿವಾರ ಪೇಟೆಯ ಬೋಹ್ರಿ ಆಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹುಡುಕಬಹುದು. ಕೆನಲ್‌ಗೆ ಬಿಡುವ ದಿನ ಮನೆಯಲ್ಲಿ ಊಟ ಅಳೆಯುವ ಲೋಟವನ್ನೂ ಕೊಡಿ, ಮತ್ತು ಪ್ರತಿ ಸಂಜೆ ಬಟ್ಟಲಿನಲ್ಲಿ ಎಷ್ಟು ನೀರು ಉಳಿದಿದೆಯೆಂದು ಫೋಟೋ ಕಳುಹಿಸಲು ಹೇಳಿ.