ಕ್ರಿಕೆಟ್ ಸ್ಕೋರ್ ಬರೆದು ಗೊತ್ತಿದೆ, ಬೇಸ್‌ಬಾಲ್ ಸ್ಕೋರ್ ಬರೆಯುವುದು ಹೇಗೆ?

ನಿಮ್ಮ ಕಾಲೇಜು ತಂಡ ಅಂತರ ಕಾಲೇಜು ಬೇಸ್‌ಬಾಲ್ ಆಡಲು ಹೊರಟಿದೆ, ಕ್ರಿಕೆಟ್ ಸ್ಕೋರ್ ಬಲ್ಲವರು ಎಂದು ನಿಮ್ಮ ಕೈಗೇ ಹಾಳೆ ಕೊಟ್ಟಿದ್ದಾರೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಬೆಳಗಾವಿಯಲ್ಲಿ ನನಗೂ ಹೀಗೇ ಆಗಿತ್ತು. ಮಗಳ ಪಂದ್ಯ ನೋಡಲು ಹೋದವನನ್ನು ದೈಹಿಕ ಶಿಕ್ಷಣ ನಿರ್ದೇಶಕರು ಕರೆದು ಮೇಜಿನ ಮುಂದೆ ಕೂರಿಸಿದರು. ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಗಳಿಗೆ ವರ್ಷಗಟ್ಟಲೆ ಸ್ಕೋರ್ ಬರೆದ ಧೈರ್ಯ ನನ್ನದು. ಮೊದಲ ಇನಿಂಗ್ಸ್ ಮುಗಿಯುವಷ್ಟರಲ್ಲಿ ಕೈ ಸೋತಿತ್ತು.

ಕ್ರಿಕೆಟ್ ಹಾಳೆಯಲ್ಲಿ ನಾವು ಎಸೆತಗಳ ಲೆಕ್ಕ ಇಡುತ್ತೇವೆ. ಬೇಸ್‌ಬಾಲ್ ಹಾಳೆಯಲ್ಲಿ ಬ್ಯಾಟಿಗೆ ಬಂದವರ ಪ್ರತಿ ಸರದಿಗೂ ಒಂದು ಚೌಕ, ಚೌಕದೊಳಗೆ ಪುಟ್ಟ ವಜ್ರಾಕೃತಿ. ಆಟಗಾರ್ತಿ ಒಂದೊಂದು ಬೇಸ್ (ಓಟದ ದಾರಿಯ ನಾಲ್ಕು ಮೂಲೆಗಳು) ದಾಟಿದಂತೆ ವಜ್ರದ ಒಂದೊಂದು ಬದಿಗೆ ಗೆರೆ ಎಳೆಯಬೇಕು. ನಾಲ್ಕೂ ಗೆರೆ ಕೂಡಿದರೆ ಒಂದು ರನ್. ಔಟ್ ಆದರೆ ಯಾರ ಕೈಯಿಂದ ಆಯಿತು ಎಂಬುದೂ ಅಲ್ಲೇ ಇರಬೇಕು.

ಅದಕ್ಕೆ ಒಂಬತ್ತು ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಪಿಚರ್ (ಚೆಂಡು ಎಸೆಯುವವಳು) 1, ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಹಿಡಿಯುವವಳು) 2, ಮೊದಲ ಬೇಸ್ 3, ಎರಡನೆಯದು 4, ಮೂರನೆಯದು 5, ಶಾರ್ಟ್‌ಸ್ಟಾಪ್ 6, ಹೊರ ಮೈದಾನದ ಎಡಕ್ಕೆ 7, ನಡುವೆ 8, ಬಲಕ್ಕೆ 9. ಹೊಸಬರು ಎಡವುವುದು 5 ಮತ್ತು 6ರಲ್ಲಿ. ಶಾರ್ಟ್‌ಸ್ಟಾಪ್ ನಿಲ್ಲುವುದು ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ, ಅಂಕಿ ಮಾತ್ರ ಮೂರನೆಯ ಬೇಸ್‌ನ ನಂತರದ್ದು. ಮೊದಲ ಬೇಸ್‌ನಲ್ಲಿ ಎದುರಾಳಿ ಒಬ್ಬಳು ನಿಂತಿದ್ದಾಗ ಉರುಳಿ ಬಂದ ಚೆಂಡನ್ನು ಶಾರ್ಟ್‌ಸ್ಟಾಪ್ ಎತ್ತಿ ಎರಡನೆಯ ಬೇಸ್‌ಗೆ ಎಸೆದಳು, ಅಲ್ಲಿದ್ದವಳು ಬೇಸ್ ತುಳಿದು ಮೊದಲ ಬೇಸ್‌ಗೆ ಎಸೆದಳು, ಇಬ್ಬರು ಔಟ್: ಹಾಳೆಯಲ್ಲಿ ಬರೆಯುವುದು 6-4-3, ಅಷ್ಟೇ. ಹಳೆಯ ಹಾಳೆಯಲ್ಲಿ ಆ ಮೂರು ಅಂಕಿಗಳನ್ನು ಕಂಡರೆ ಚೆಂಡು ಹೋದ ದಾರಿ ಇಂದಿಗೂ ನನ್ನ ಕಣ್ಣಿಗೆ ಕಟ್ಟುತ್ತದೆ.

ಮೂರು ಸ್ಟ್ರೈಕ್‌ಗೆ (ಬೀಸಿ ತಪ್ಪಿದ ಅಥವಾ ಹೊಡೆಯಬಹುದಾಗಿದ್ದರೂ ಬಿಟ್ಟ ಎಸೆತಗಳಿಗೆ) ಔಟ್ ಆದರೆ ಇಂಗ್ಲಿಷಿನ ‘ಕೆ’ ಅಕ್ಷರ. ಬ್ಯಾಟ್ ಬೀಸದೆ ಸುಮ್ಮನೆ ನಿಂತು ಮೂರನೆಯ ಸ್ಟ್ರೈಕ್ ಬಿಟ್ಟುಕೊಟ್ಟರೆ ಅದೇ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುತ್ತಾರೆ. ಈ ‘ಕೆ’ ಅನ್ನು ಬಳಕೆಗೆ ತಂದವರು ಹೆನ್ರಿ ಚಾಡ್ವಿಕ್. 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಪತ್ರಕರ್ತ, ಬೇಸ್‌ಬಾಲ್‌ಗೆ ಬರುವ ಮೊದಲು ಕ್ರಿಕೆಟ್ ವರದಿ ಮಾಡುತ್ತಿದ್ದವರು. ಕ್ರಿಕೆಟ್ ಹಾಳೆಯಿಂದ ಈ ಹಾಳೆಗೆ ಬರುವ ದಾರಿಯಲ್ಲಿ ನಿಮಗಿಂತ ಮುಂಚೆ ಅವರೇ ನಡೆದಿದ್ದಾರೆ, ಹೆದರಬೇಡಿ.

ಪ್ರತಿ ಎಸೆತಕ್ಕೂ ಚುಕ್ಕೆ ಇಡುವ ಕ್ರಮವೊಂದಿದೆ. ಮೊದಲ ಎರಡು ಪಂದ್ಯಗಳಲ್ಲಿ ಅದರ ಗೊಡವೆ ಬೇಡ. ಆದರೆ ಹೆಸರುಗಳನ್ನು ಮಾತ್ರ ಪಂದ್ಯಕ್ಕೆ ಮುಂಚೆಯೇ ಸರಿಮಾಡಿಕೊಳ್ಳಿ. ನಮ್ಮ ಕಡೆಯ ತಂಡದಲ್ಲಿ ಮೂವರು ಪಾಟೀಲರು, ಇಬ್ಬರು ಕುಲಕರ್ಣಿಯರು ಇದ್ದೇ ಇರುತ್ತಾರೆ. ಅಂಗಿಯ ಸಂಖ್ಯೆ ಬರೆದುಕೊಳ್ಳದಿದ್ದರೆ ಒಬ್ಬಳ ಹಿಟ್ ಇನ್ನೊಬ್ಬಳ ಚೌಕಕ್ಕೆ ಹೋಗುತ್ತದೆ.

ಇನ್ನು ನಿಜವಾಗಿ ಕಷ್ಟದ ಮಾತು, ಎರರ್. ಬ್ಯಾಟರ್ ಬೇಸ್ ಮುಟ್ಟಿದ್ದು ತನ್ನ ಹೊಡೆತದ ಬಲದಿಂದಲೋ (ಅದು ಹಿಟ್) ಕ್ಷೇತ್ರರಕ್ಷಕಿಯ ತಪ್ಪಿನಿಂದಲೋ ಎಂದು ತೀರ್ಮಾನಿಸುವವರು ಸ್ಕೋರ್ ಬರೆಯುವವರು. ಕ್ರಿಕೆಟ್‌ನಲ್ಲಿ ಕ್ಯಾಚ್ ಬಿಟ್ಟರೆ ಹಾಳೆಯಲ್ಲಿ ಅದರ ಗುರುತೇ ಇರುವುದಿಲ್ಲ. ಇಲ್ಲಿ ಅದು ಆಡಿದವಳ ಹೆಸರಿಗೆ ಅಂಟಿಕೊಳ್ಳುತ್ತದೆ. ನಿಯಮ ಕೇಳುವುದು ಒಂದೇ: ಸಾಮಾನ್ಯ ಪ್ರಯತ್ನದಲ್ಲಿ ಆಗಬೇಕಿದ್ದ ಕೆಲಸವೇ? ಎದುರಿಗೇ ಬಂದ ಚೆಂಡು ಕಾಲುಗಳ ನಡುವೆ ತೂರಿ ಹೋದರೆ, ಕೈಗೆ ತಾಗದಿದ್ದರೂ ಎರರ್. ಆದರೆ ನಮ್ಮ ಮೈದಾನಗಳು ನಿಮಗೂ ಗೊತ್ತು, ಹುಲ್ಲಿಗಿಂತ ಗರಸೇ ಹೆಚ್ಚು. ಒಮ್ಮೆ ಚೆಂಡು ಕಲ್ಲಿಗೆ ಬಡಿದು ಶಾರ್ಟ್‌ಸ್ಟಾಪ್‌ನ ಭುಜದ ಮೇಲಿಂದ ಪುಟಿದು ಹೋಯಿತು. ನಾನು ಎರರ್ ಬರೆದೆ. ಇನಿಂಗ್ಸ್ ಮುಗಿದ ಮೇಲೆ ಆ ಹುಡುಗಿ ಮೇಜಿನ ಹತ್ತಿರ ಬಂದು, “ಕಾಕಾ, ಚೆಂಡು ಎಲ್ಲಿ ಪುಟಿಯಿತು ನೋಡಿದಿರಾ?” ಎಂದು ಕೇಳಿದಳು. ದನಿಯಲ್ಲಿ ಜಗಳವಿರಲಿಲ್ಲ. ಮನೆಗೆ ಬಂದು ನಿಯಮ ಓದಿದೆ. ಅಸಹಜವಾಗಿ ಪುಟಿದ ಚೆಂಡನ್ನು ಸಾಮಾನ್ಯ ಪ್ರಯತ್ನದಲ್ಲಿ ಹಿಡಿಯಲಾಗದಿದ್ದರೆ ಅದು ಹಿಟ್ ಎಂದು ಸ್ಪಷ್ಟವಾಗಿದೆ. ಮರುದಿನ ನಿರ್ದೇಶಕರ ಬಳಿ ಹೋಗಿ ತಿದ್ದಿದೆ. ಅಂದಿನಿಂದ ಪಂದ್ಯಕ್ಕೆ ಮುಂಚೆ ಬೇಸ್‌ಗಳ ನಡುವಿನ ನೆಲವನ್ನು ಒಮ್ಮೆ ನಡೆದು ನೋಡುತ್ತೇನೆ.

ಕೊನೆಗೆ ತಾಳೆ. ಕ್ರಿಕೆಟ್‌ನಲ್ಲಿ ಬ್ಯಾಟರ್‌ಗಳ ರನ್ನಿಗೆ ಇತರೆ ರನ್ ಕೂಡಿಸಿ ಮೊತ್ತಕ್ಕೆ ಹೋಲಿಸುತ್ತೇವಲ್ಲ, ಇಲ್ಲಿಯೂ ಅಂಥದ್ದೊಂದು ಇದೆ. ಬ್ಯಾಟಿಗೆ ಬಂದವರಿಗೆ ಮೂರೇ ಗತಿ: ರನ್ ಗಳಿಸುವುದು, ಔಟ್ ಆಗುವುದು, ಇನಿಂಗ್ಸ್ ಮುಗಿದಾಗ ಬೇಸ್ ಮೇಲೇ ಉಳಿಯುವುದು. ಈ ಮೂರರ ಮೊತ್ತ ತುಂಬಿದ ಚೌಕಗಳ ಸಂಖ್ಯೆಗೆ ಸಮ ಬರಲೇಬೇಕು.

ಮಳೆಗಾಲದ ಕೊನೆಯ ಒಂದು ಪಂದ್ಯ, ಐದೇ ಇನಿಂಗ್ಸ್. ಇನಿಂಗ್ಸ್‌ಗೆ ಮೂರರಂತೆ ಔಟ್ 15, ಅಂಪೈರ್ ಹೇಳಿದ ರನ್ 7, ಬೇಸ್ ಮೇಲೆ ಉಳಿದವರು 5. ಕೂಡಿದರೆ 27. ಚೌಕ ಎಣಿಸಿದರೆ 26. ಮತ್ತೆ ಎಣಿಸಿದೆ, 26. ಕೊನೆಗೆ ಬ್ಯಾಟಿಗೆ ಬಂದವಳು ಸರದಿಯ ಒಂಬತ್ತನೆಯವಳು, ಅಂದರೆ ಒಂಬತ್ತು ಜನರ ಸರದಿ ಸರಿಯಾಗಿ ಮೂರು ಸುತ್ತು ಮುಗಿದಿದೆ, 27ಕ್ಕೆ ಅದೂ ಸಾಕ್ಷಿ. ಬೆರಳಿಟ್ಟು ಸಾಲು ಸಾಲಾಗಿ ಹುಡುಕಿದಾಗ ನಾಲ್ಕನೆಯ ಇನಿಂಗ್ಸ್‌ನಲ್ಲಿ ಏಳನೆಯ ಹುಡುಗಿಯ ಚೌಕ ಖಾಲಿ. ಜಿಟಿಜಿಟಿ ಹನಿ ಬಿದ್ದ ಹಾಳೆಯನ್ನು ನಾನು ಕರವಸ್ತ್ರದಿಂದ ಒತ್ತುತ್ತಿದ್ದಾಗ ಅವಳಿಗೆ ನಾಲ್ಕು ಬಾಲ್ (ಅವಳು ಬೀಸದೆ ಬಿಟ್ಟ, ಗುರಿ ತಪ್ಪಿದ ಎಸೆತಗಳು) ಸಿಕ್ಕು ಮೊದಲ ಬೇಸ್‌ಗೆ ನಡೆದು ಹೋಗಿದ್ದಳು. ಮುಂದಿನವರ ಹೊಡೆತಗಳಿಗೆ ಓಡಿ ಕೊನೆಯ ಬೇಸ್ ಆದ ಹೋಮ್ ಅನ್ನೂ ಮುಟ್ಟಿದ್ದಳು. ತಂಡದ ಮೊತ್ತದಲ್ಲಿ ಅವಳ ರನ್ ಇತ್ತು, ಅವಳ ಹೆಸರಿನ ಮುಂದೆ ಇರಲಿಲ್ಲ. ಪೆನ್ಸಿಲ್ ಚೂಪು ಮಾಡಿ ನಾಲ್ಕೂ ಗೆರೆ ಎಳೆದೆ. ಎರಡೂ ತಂಡಗಳ ನಾಯಕಿಯರನ್ನು ಕರೆದು ಆ ಚೌಕ ತೋರಿಸಿ, ಅವರು ಒಪ್ಪಿದ ಮೇಲೆ ಹಾಳೆಗೆ ಸಹಿ ಹಾಕಿದೆ.