ಮೂಳೆ ಮಜ್ಜೆಯಲ್ಲಿ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ತುಂಬಿದ್ದರೂ ರಕ್ತದಲ್ಲಿ ಯಾಕಿಲ್ಲ? ಇದಕ್ಕೂ ಸಿಎಕ್ಸ್‌ಸಿಆರ್4ಗೂ ಏನು ಸಂಬಂಧ?

ನೀವು ಬರೆದಿರುವುದನ್ನು (ರಕ್ತದಲ್ಲಿ ನ್ಯೂಟ್ರೋಫಿಲ್ ಕಡಿಮೆ, ಮಜ್ಜೆಯಲ್ಲಿ ಕಿಕ್ಕಿರಿದಿವೆ, ಪದೇಪದೇ ಎದೆಯ ಸೋಂಕು, ವಾಸಿಯಾಗದ ನರೂಲಿ) ಒಟ್ಟಿಗೆ ನೋಡಿದರೆ ನನ್ನ ಮೊದಲ ಅನುಮಾನ ವಿಮ್ ಸಿಂಡ್ರೋಮ್ ಮೇಲೆ. ಸಿಎಕ್ಸ್‌ಸಿಆರ್4 ಜೀನ್‌ನ ದೋಷದಿಂದ ಬರುವ, ತೀರಾ ಅಪರೂಪದ ಕಾಯಿಲೆ.

ಕೀಮೊಕೈನ್ ಅಂದರೆ ಬಿಳಿ ರಕ್ತಕಣಗಳನ್ನು ಉರಿಯೂತದ ಜಾಗಕ್ಕೆ ಕರೆಯುವ ಸಂಕೇತ ಅಂತ ಓದಿರುತ್ತೀರಿ. ಸಿಎಕ್ಸ್‌ಸಿಆರ್2 ಗ್ರಾಹಕ (ಕೋಶದ ಮೇಲೆ ಕೂತು ಸಂಕೇತ ಹಿಡಿಯುವ ಪ್ರೋಟೀನ್) ಸ್ಪಂದಿಸುವುದು ಅಂಥ ಕರೆಗೇ. ಇನ್ನೊಂದು ಗ್ರಾಹಕ ಸಿಎಕ್ಸ್‌ಸಿಆರ್4 ಮಜ್ಜೆಯಲ್ಲಿ ಮಾಡುವುದು ಉಲ್ಟಾ ಕೆಲಸ: ಅಲ್ಲಿನ ಸ್ಟ್ರೋಮಾ (ಆಧಾರ) ಕೋಶಗಳು ಸ್ರವಿಸುವ ಸಿಎಕ್ಸ್‌ಸಿಎಲ್12 ಎಂಬ ಕೀಮೊಕೈನ್‌ಗೆ ಅಂಟಿಕೊಂಡು, ಗೂಟದ ಹಗ್ಗದ ಹಾಗೆ ನ್ಯೂಟ್ರೋಫಿಲನ್ನು ಅಲ್ಲೇ ಹಿಡಿದಿಡುತ್ತದೆ. ಕಣ ಬಲಿತಂತೆ ಈ ಹಿಡಿತ ಸಡಿಲವಾಗಿ ಅದು ರಕ್ತಕ್ಕೆ ಬರಬೇಕು.

ವಿಮ್‌ನಲ್ಲಿ ಸಡಿಲವಾಗುವುದೇ ಇಲ್ಲ. ಸಿಎಕ್ಸ್‌ಸಿಆರ್4 ಗ್ರಾಹಕದ ಸರಪಳಿಯಲ್ಲಿ 352 ಅಮೈನೊ ಆಮ್ಲಗಳಿವೆ. ಹೆಚ್ಚಾಗಿ ಕಾಣುವ ಆರ್334ಎಕ್ಸ್ ಎಂಬ ಮ್ಯುಟೇಶನ್‌ನಲ್ಲಿ (ಜೀನ್ ಬದಲಾವಣೆ) ಬಾಲದ ತುದಿಯ ಕೊನೆಯ 19 ಇರುವುದಿಲ್ಲ. ಸಂಕೇತ ಸಿಕ್ಕಮೇಲೆ ಗ್ರಾಹಕದ ಕೆಲಸ ನಿಲ್ಲಿಸಿ ಕೋಶದೊಳಕ್ಕೆ ಎಳೆದುಕೊಳ್ಳಲು ಬೀಟಾ-ಅರೆಸ್ಟಿನ್ ಎಂಬ ಪ್ರೋಟೀನ್ ಹಿಡಿಯುವುದು ಆ ಬಾಲವನ್ನೇ. ಬಾಲ ತುಂಡಾದರೆ ಗ್ರಾಹಕದ ಕೆಲಸ ನಿಲ್ಲುವುದಿಲ್ಲ. ಅಂದರೆ ಇದು ಕೊರತೆಯಲ್ಲ, ಅತಿಯಾದ ಚಟುವಟಿಕೆ. ಮಜ್ಜೆಯ ಸ್ಲೈಡ್‌ನಲ್ಲಿ ನ್ಯೂಟ್ರೋಫಿಲ್‌ನ ಕುಗ್ಗಿದ ನ್ಯೂಕ್ಲಿಯಸ್ ತುಣುಕುಗಳು ಸಣ್ಣ ಎಳೆಯಿಂದ ಜೋಡಿಸಿಕೊಂಡಂತೆ, ಕೋಶದ್ರವದಲ್ಲಿ ಗುಳ್ಳೆಗಳಿರುವಂತೆ ಕಾಣುತ್ತವೆ. ಹೊರಬರಲಾಗದೆ ಅಲ್ಲೇ ಮುದಿಯಾದ ಕಣಗಳವು.

ರೋಗ ತಪ್ಪಿಹೋಗುವುದು ಎಲ್ಲಿ ಗೊತ್ತೇ? ಜ್ವರ ಬಂದಾಗ ಮಾಡಿಸಿದ ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆ ಪರೀಕ್ಷೆ). ಸೋಂಕಿನ ಒತ್ತಡಕ್ಕೆ ಮಜ್ಜೆ ಒಂದಷ್ಟು ಕಣ ಬಿಟ್ಟು, ಎಣಿಕೆ ಸಾಮಾನ್ಯದಂತೆ ತೋರಿಬಿಡುತ್ತದೆ. ಆರೋಗ್ಯವಾಗಿದ್ದಾಗ ಮತ್ತೆ ಮಾಡಿಸಿ. ಲಿಂಫೋಸೈಟ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಸಂಖ್ಯೆ, ಐಜಿಜಿ (ರಕ್ತದಲ್ಲಿನ ಪ್ರತಿಕಾಯ) ಎರಡನ್ನೂ ನೋಡಿಸಿ. ಖಚಿತವಾಗುವುದು ಜೀನ್ ಪರೀಕ್ಷೆಯಲ್ಲಿ. ತಂದೆ ಅಥವಾ ತಾಯಿಗಿದ್ದರೆ ಮಕ್ಕಳಿಗೆ ಬರುವ ಸಂಭವ 50%.

ಮಜ್ಜೆಯನ್ನು ಪ್ರಚೋದಿಸುವ ಜಿ-ಸಿಎಸ್‌ಎಫ್ ಚುಚ್ಚುಮದ್ದು ನ್ಯೂಟ್ರೋಫಿಲ್ ಏರಿಸುತ್ತದೆ, ಲಿಂಫೋಸೈಟ್ ಕೊರತೆಯನ್ನು ನೀಗಿಸುವುದಿಲ್ಲ. ಗ್ರಾಹಕವನ್ನೇ ತಡೆಯುವ ಮಾವೊರಿಕ್ಸಾಫರ್ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಒಪ್ಪಿಗೆ ಕೊಟ್ಟಿದೆ, 12 ವರ್ಷ ತುಂಬಿದವರಿಗೆ: 50 ಕೆಜಿ ಮೀರಿದವರಿಗೆ ದಿನಕ್ಕೆ 400 ಮಿಗ್ರಾಂ, ಉಳಿದವರಿಗೆ 300, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಕ್ಯುಟಿ ಅವಧಿ (ಇಸಿಜಿಯಲ್ಲಿ ಕಾಣುವ ಹೃದಯಬಡಿತದ ಒಂದು ಅಳತೆ) ಹಿಗ್ಗಬಹುದಾದ್ದರಿಂದ ಮೊದಲು ಇಸಿಜಿ, ಬೇರೆ ಮಾತ್ರೆಗಳ ಪಟ್ಟಿಯನ್ನೂ ವೈದ್ಯರಿಗೆ ತೋರಿಸಬೇಕು. ನರೂಲಿ ಇದರಿಂದ ಉದುರಿಹೋಗುತ್ತದೆ ಅಂತ ಮಾತ್ರ ನಂಬಬೇಡಿ; ಮುಖ್ಯ ಪ್ರಯೋಗದಲ್ಲಿ ಆ ವಿಷಯದಲ್ಲಿ ಡಮ್ಮಿ ಮಾತ್ರೆಗಿಂತ ಮೇಲಾಗಲಿಲ್ಲ. ಅದಕ್ಕೆ ಚರ್ಮವೈದ್ಯರನ್ನು ಬೇರೆಯಾಗಿಯೇ ನೋಡಿ, ನರೂಲಿ ತರುವ ವೈರಸ್ ಎಚ್‌ಪಿವಿಯ ಲಸಿಕೆಯ ಬಗ್ಗೆಯೂ ಕೇಳಿ.